ಎರಡು ಬೆರಳಿನ ಬಳುಕು

ಎಲ್ಲದಕ್ಕೂ ಮೂಲ ಒಂದು ರಬ್ಬರ್ ಬುಷ್. ಕಬ್ಬಿಣದ ಕುರ್ಚಿಯ ಕಾಲಿಗೆ ಟೋಪಿಯ ಹಾಗೆ ಹಾಕಿರುತ್ತಾರಲ್ಲ, ನೆಲಕ್ಕೆ ಗೀರು ಬೀಳದಿರಲಿ ಅಂತ, ಅದು. ಹಾಳಾದ್ದು ತನ್ನ ಪಾಡಿಗೆ ಕಾಲಿನಲ್ಲೇ ಇದ್ದಿದ್ದರೆ ಗೆರೆ ರಾಯರು ಆ ಬೆಳಿಗ್ಗೆ ಮನೆ ಬಿಟ್ಟು ಹೊರಡುತ್ತಿರಲಿಲ್ಲ, ಮೇಲಿನ ಮನೆಯ ನರ್ಸಮ್ಮನ ವಶಕ್ಕೆ ಕುರ್ಚಿ ಹೋಗುತ್ತಿರಲಿಲ್ಲ, ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ಕುರ್ಚಿಯನ್ನು ವರಾಂಡದಲ್ಲಿ ತಲೆಕೆಳಗು ಮಾಡಿ ಒರೆಸುತ್ತಿದ್ದ ರಾಯರಿಗೆ ನಾಲ್ಕು ಕಾಲುಗಳಲ್ಲಿ ಒಂದು ಬೋಳಾಗಿ ಕಂಡದ್ದೇ ತಡ, ಕೂಗಿಕೊಂಡರು.

"ಬುಷ್ ಇಲ್ಲ! ಒಂದು ಬುಷ್ ಇಲ್ಲ!"

"ಅದಕ್ಯಾಕೆ ಮನೆಗೆ ಬೆಂಕಿ ಬಿದ್ದೋರ ಹಾಗೆ ಕೂಗ್ತೀರಿ?" ಒಳಗಿನಿಂದ ಹೆಂಡತಿಯ ದನಿ ಬಂತು. "ಒಂದು ಪೇಪರ್ ಚೂರು ಮಡಚಿ ಕಾಲ ಕೆಳಗಿಡಿ, ಆಗುತ್ತೆ."

"ಮೇಡಂ ಬರ್ತಾರೆ ಕಣೇ. ಬಂದು ಇದರಲ್ಲಿ ಕೂರ್ತಾರೆ. ಕುರ್ಚಿ ಅಲ್ಲಾಡಿದ್ರೆ ಏನಂದ್ಕೋತಾರೆ?"

"ಕುರ್ಚಿಗೂ ವಯಸ್ಸಾಗಿದೆ, ಇಟ್ಕೊಂಡೋರಿಗೂ ವಯಸ್ಸಾಗಿದೆ ಅಂದ್ಕೋತಾರೆ."

ರಾಯರು ಅನ್ನುವುದು ಬೀದಿಯವರು ಕೊಟ್ಟ ಮರ್ಯಾದೆ; ಗೆರೆ ಅನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಉಕ್ಕಿನ ಕುರ್ಚಿ, ಮೇಜು ಮಾಡುವ ಕಾರ್ಖಾನೆಯಲ್ಲಿ ಅವರು ಟ್ರೇಸರ್ ಆಗಿದ್ದರು. ಡಿಸೈನರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಅದೇ ಗೆರೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆಯುವುದು ಅವರ ಕೆಲಸ. ಆ ಹಾಳೆ ಕೆಳಗಿನ ಶೆಡ್ಡಿಗೆ ಹೋಗುತ್ತಿತ್ತು, ಅಲ್ಲಿಯವರು ಅದನ್ನು ನೋಡಿ ಕೊಳವೆ ಬಗ್ಗಿಸುತ್ತಿದ್ದರು. ಟ್ರೇಸರ್ ಆದವನು ಸ್ವಂತದ್ದು ಅಂತ ಒಂದು ಚುಕ್ಕೆಯನ್ನೂ ಸೇರಿಸುವ ಹಾಗಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ರಾಯರು ಆ ನಿಯಮವನ್ನು ಒಂದೇ ಒಂದು ಸಲ ಮುರಿದಿದ್ದರು.

ಲೋಕವೆಲ್ಲ ಮರದ ಭಾರೀ ಕುರ್ಚಿಗಳಿಂದ ಎದ್ದು ಉಕ್ಕಿನ ಕೊಳವೆಯ ಕುರ್ಚಿಗಳಿಗೆ ಬಂದು ಕೂರುತ್ತಿದ್ದ ಕಾಲ ಅದು. ಮೇಡಂ ಕಾರ್ಖಾನೆಗೆ ಡಿಸೈನರ್ ಆಗಿ ಬಂದದ್ದು ಆಗಲೇ. "ಕುರ್ಚಿ ಅಂದ್ರೆ ಗಾಳಿಯಲ್ಲಿ ಎಳೆದ ಗೆರೆ ಥರ ಇರಬೇಕು. ಬೇಡದ ಒಂದು ಸ್ಕ್ರೂ ಕೂಡ ಇರಬಾರದು" ಅನ್ನುತ್ತಿದ್ದರು. ಹಾಗೇ ಬರೆದರು ಏಳನೇ ನಂಬರಿನ ಕುರ್ಚಿಯನ್ನು. ಎರಡೇ ಎರಡು ಕೊಳವೆ, ಮಧ್ಯೆ ತೂತು ತೂತಿನ ತಗಡು, ಅಷ್ಟೇ. ಬೆನ್ನು ಮಾತ್ರ ಕವಾಯತಿಗೆ ನಿಂತ ಸಿಪಾಯಿಯ ಹಾಗೆ ನೆಟ್ಟಗೆ.

ರಾಯರು ಮಾತಿನ ಮಲ್ಲರಲ್ಲ. ಎರಡು ವರ್ಷದಲ್ಲಿ ಮೇಡಂ ಜೊತೆ ಆಡಿದ್ದು "ಆಯ್ತು ಮೇಡಂ", "ನಾಳೆಗೆ ಆಗುತ್ತೆ ಮೇಡಂ", ಇಷ್ಟೇ. ಆದರೆ ದಿನಾ ಸಂಜೆ ನೋಡುತ್ತಿದ್ದರು. ನಕ್ಷೆಯ ಹಲಗೆಯ ಮೇಲೆ ಬಗ್ಗಿ ಬಗ್ಗಿ ದಣಿದ ಮೇಡಂ ಎದ್ದು ನಿಂತು, ಎರಡೂ ಮುಷ್ಟಿಗಳನ್ನು ಸೊಂಟಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ಹಿಂದಕ್ಕೆ ವಾಲುತ್ತಿದ್ದರು. ಏಳನೇ ನಂಬರಿನ ನಕ್ಷೆ ಮೇಜಿಗೆ ಬಂದ ದಿನ ರಾಯರ ಪೆನ್ನು ಬೆನ್ನಿನ ಗೆರೆಯ ಬುಡದಲ್ಲಿ ನಿಂತುಬಿಟ್ಟಿತು. ಆಮೇಲೆ ಹೊರಟಿತು, ಆದರೆ ಮೇಡಂ ಬರೆದ ಗೆರೆಯ ಮೇಲಲ್ಲ. ಸೊಂಟದ ಹತ್ತಿರ ಸಣ್ಣದೊಂದು ಬಳುಕು, ಮೇಲೇರುತ್ತಾ ಎರಡು ಬೆರಳಷ್ಟು ಹಿಂದಕ್ಕೆ, ಆ ವಾಲುವ ಬೆನ್ನಿಗೆ ಸರಿಯಾಗಿ. ಪ್ರಾಯದಲ್ಲಿ ಬೇರೆಯವರು ಪುಟಗಟ್ಟಲೆ ಕಾಗದ ಬರೆಯುತ್ತಾರೆ. ರಾಯರು ಬರೆದದ್ದು ಅದೊಂದು ಗೆರೆ.

ಮೊದಲ ಕುರ್ಚಿ ತಯಾರಾಗಿ ಮೇಲಕ್ಕೆ ಬಂತು. ಮೇಡಂ ಅದರ ಬೆನ್ನಿನ ಮೇಲೆ ತೋರುಬೆರಳನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಆಡಿಸಿದರು. ಬಳುಕಿನ ಹತ್ತಿರ ಬೆರಳು ನಿಂತಿತು. ಮೇಡಂ ಕೈ ತೆಗೆದು ಹೊರಗೆ ನಡೆದರು. ಅದೇ ವಾರ ದೂರದೇಶದ ಯಾವುದೋ ಕಂಪನಿಯ ಕೆಲಸಕ್ಕೆ ವಿಮಾನ ಹತ್ತಿದರು.

ಗೊತ್ತಾಯಿತೇ? ಗೊತ್ತಾಗಿದ್ದರೆ ಇಷ್ಟವಾಯಿತೇ? ನಲವತ್ತೈದು ವರ್ಷ ರಾಯರು ಕೇಳಿಕೊಂಡ ಪ್ರಶ್ನೆ ಇದೊಂದೇ. ಏಳನೇ ನಂಬರು ಲಕ್ಷಗಟ್ಟಲೆ ಹೋಯಿತು. ಕ್ಷೌರದಂಗಡಿ, ದವಾಖಾನೆ, ಅಂಚೆ ಕಚೇರಿ, ಎಲ್ಲಿ ನೋಡಿದರೂ ಅದೇ ಕುರ್ಚಿ, ಅದೇ ಬಳುಕು. ಕೊನೆಗೆ ಕಾರ್ಖಾನೆ ಮುಚ್ಚಿದಾಗ ಉಳಿದವರು ಫ್ಯಾನು, ಬೀರು ಕೇಳಿದರು. ರಾಯರು ಆ ಮೊದಲ ಕುರ್ಚಿಯನ್ನು ಕೇಳಿದರು. ಸೀಟಿನ ಅಡಿಯಲ್ಲಿ ಪಂಚ್ ಹೊಡೆದ 'ಒಂದು' ಅನ್ನುವ ಅಂಕಿ ಇರುವ ಕುರ್ಚಿ. ಅವತ್ತಿನಿಂದ ಅದರಲ್ಲಿ ಯಾರನ್ನೂ ಕೂರಿಸಿಲ್ಲ, ತಾವೂ ಕೂತಿಲ್ಲ.

ಈಗ ಊರಿನ ಸಭಾಭವನದಲ್ಲಿ ಹಳೆಯ ಲೋಹದ ಕುರ್ಚಿಗಳ ಪ್ರದರ್ಶನ. ಮೊದಲ ಕುರ್ಚಿಯನ್ನು ಕೊಡಬೇಕು ಅಂತ ಪತ್ರ ಬಂದಿತ್ತು. "ವಿನ್ಯಾಸ ಮಾಡಿದವರೇ ಖುದ್ದಾಗಿ ಬಂದು ಉದ್ಘಾಟಿಸುತ್ತಾರೆ" ಅನ್ನುವ ಕೊನೆಯ ಸಾಲನ್ನು ಓದಿ ಓದಿ ಆ ಪತ್ರದ ಮಡಿಕೆ ಹರಿದುಹೋಗಿತ್ತು. ಇವತ್ತು ಹನ್ನೆರಡು ಗಂಟೆಗೆ ಉದ್ಘಾಟನೆ, ಹನ್ನೊಂದೂವರೆಗೆ ಕುರ್ಚಿ ಒಯ್ಯಲು ವ್ಯಾನು. ಇಂಥ ದಿನ ಬುಷ್ ಇಲ್ಲ.

"ಅಂತೂ ನನ್ನ ಸವತಿ ಇವತ್ತು ಮನೆ ಬಿಟ್ಟು ಹೋಗ್ತಾಳೆ," ಅಂದಳು ಹೆಂಡತಿ ಬಾಗಿಲಿಗೆ ಬಂದು. ಮದುವೆಯಾದ ಹೊಸದರಲ್ಲಿ ಕಾರ್ಖಾನೆಯ ಕತೆ ಹೇಳುತ್ತಾ ಹೇಳುತ್ತಾ ರಾಯರ ಬಾಯಿಂದ ಬಳುಕಿನ ಕತೆಯೂ ಜಾರಿತ್ತು. ಅವಳು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು, ಆದರೆ ಕಿಚಾಯಿಸುವ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದ ಗಂಡನನ್ನು ನೋಡಿ ದನಿ ತಗ್ಗಿಸಿದಳು. "ನೋಡಿ, ಅಲ್ಲಿ ಹೋಗಿ ಕಂಬದ ಹಾಗೆ ನಿಂತುಬಿಡಬೇಡಿ. ಕೇಳಬೇಕಾದ್ದನ್ನ ಕೇಳಿಬಿಡಿ. ಇನ್ನು ಎಷ್ಟು ವರ್ಷ ಅಂತ ನೀವೂ ಒದ್ದಾಡ್ತೀರಿ, ನಾನೂ ನೋಡಲಿ?"

ರಾಯರು ತಲೆಯಾಡಿಸಿದರು. ಹೆಂಡತಿಗೆ ತಂಗಿಯ ಮನೆಗೆ ಹೋಗುವುದಿತ್ತು. ಹಾಗಾಗಿ ಮೆಟ್ಟಿಲಿಳಿದು ಬರುತ್ತಿದ್ದ ನರ್ಸಮ್ಮನನ್ನು ಕಾವಲಿಗೆ ಒಪ್ಪಿಸಿದರು. ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತಿಯಾದವರು. ಎತ್ತರಕ್ಕೂ ಅಗಲಕ್ಕೂ ಜಗಳವಿಲ್ಲದ ಗಟ್ಟಿ ಮೈಕಟ್ಟು, ಬೀದಿಯಲ್ಲಿ ಯಾರಿಗೆ ಸೀನು ಬಂದರೂ ಓಡಿಬರುವ ಒಳ್ಳೆಯ ಮನಸ್ಸು.

"ಹತ್ತು ನಿಮಿಷ ನರ್ಸಮ್ಮ. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ."

"ಹೋಗ್ ಬನ್ನಿ ರಾಯರೇ. ನಾನಿರೋವಾಗ ಒಂದು ನೊಣ ಕೂರೋಕೆ ಬಿಡಲ್ಲ."

ಹತ್ತು ನಿಮಿಷ ಎರಡು ಗಂಟೆಯಾಯಿತು. ಮೊದಲ ಅಂಗಡಿಯಲ್ಲಿ ಬುಷ್ ದಪ್ಪ, ಎರಡನೆಯದರಲ್ಲಿ ಸಣ್ಣ, ಮೂರನೆಯದರಲ್ಲಿ ಅಂಗಡಿಯಾತನೇ ಇಲ್ಲ. ಅಂಗಡಿಯಾತ ಬಂದಮೇಲೆ, "ಕುರ್ಚಿ ತಂದಿದ್ರೆ ಅಳತೆ ನೋಡಿ ಕೊಡ್ತಿದ್ದೆನಲ್ಲ ಸಾರ್" ಅಂತ ಬುದ್ಧಿವಾದ ಬೇರೆ. ಅಂತೂ ಸರಿಯಾದ ಬುಷ್ಷನ್ನು ಮುಷ್ಟಿಯಲ್ಲಿ ಹಿಡಿದು ಏದುಸಿರು ಬಿಡುತ್ತಾ ಮನೆಗೆ ಬಂದು ನೋಡುತ್ತಾರೆ, ವರಾಂಡ ಖಾಲಿ. ಕುರ್ಚಿಯೂ ಇಲ್ಲ, ನರ್ಸಮ್ಮನೂ ಇಲ್ಲ.

ರಾಯರು ಬೀದಿಗೆ ಓಡಿದರು. ಬೀದಿಯಲ್ಲಿ ಕುರ್ಚಿಗೇನು ಬರವೇ? ಕ್ಷೌರದಂಗಡಿಯ ಮುಂದೆ ಐದು ಏಳನೇ ನಂಬರು ಸಾಲಾಗಿ ಕೂತಿದ್ದವು. ರಾಯರು ಒಂದೊಂದನ್ನೇ ಎತ್ತಿ ಅಡಿ ನೋಡತೊಡಗಿದರು. ನಾಲ್ಕನೆಯದರಲ್ಲಿ ಮುಖಕ್ಕೆಲ್ಲ ನೊರೆ ಬಳಿದುಕೊಂಡು ಒಬ್ಬಾತ ಕಾದಿದ್ದ.

"ಸ್ವಲ್ಪ ಎದ್ದೇಳ್ತೀರಾ?"

"ಯಾಕೆ?"

"ನಿಮ್ಮ ಅಡಿಯಲ್ಲಿ ನಂಬರ್ ಇದೆಯಾ ನೋಡಬೇಕು."

ನೊರೆಯವನು ಎದ್ದದ್ದು ಕ್ಷೌರಿಕನನ್ನು ಕರೆಯುವುದಕ್ಕೆ. ರಾಯರು ಅಲ್ಲಿಂದ ಕಾಲ್ಕಿತ್ತು ದವಾಖಾನೆಗೆ ನುಗ್ಗಿದರು. ಅಲ್ಲಿ ಹಲ್ಲುನೋವಿನ ಮುದುಕರೊಬ್ಬರನ್ನು ಎಬ್ಬಿಸಿ, ಕುರ್ಚಿ ತಿರುವಿ, ನಂಬರ್ ಸಿಗದೆ, ಅವರನ್ನು ಮತ್ತೆ ಕೂರಿಸಿ ಕ್ಷಮೆ ಕೇಳಿದರು. ಕಾಂಪೌಂಡರ್ ರಾಯರ ನಾಡಿ ಹಿಡಿದು, "ಎಷ್ಟು ದಿನದಿಂದ ಹೀಗೆ?" ಅಂತ ವಿಚಾರಿಸಿದ. ರಾಯರು ಬಾಯಿತಪ್ಪಿ, "ನಲವತ್ತೈದು ವರ್ಷ" ಅಂದುಬಿಟ್ಟರು.

ಕುರ್ಚಿ ಕೊನೆಗೆ ಸಿಕ್ಕಿದ್ದು ಬೀದಿಯ ಕೊನೆಯ ವೆಲ್ಡರ್ ಶೆಡ್ಡಿನಲ್ಲಿ. ಎರಡು ಕಾಲುಗಳ ನಡುವೆ ಕುರ್ಚಿ ಇಟ್ಟುಕೊಂಡು ವೆಲ್ಡರ್ ಅದನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ನರ್ಸಮ್ಮ ಮೂಲೆಯಲ್ಲಿ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು. ರಾಯರು ಕುರ್ಚಿಯ ಬೆನ್ನು ನೋಡಿದರು. ಬೆನ್ನು ನೆಟ್ಟಗಿತ್ತು. ಬಳುಕಿಲ್ಲ, ವಾಲಿಲ್ಲ, ಗೋಡೆಗೆ ಒರಗಿಸಿದ ಏಣಿಗಿರುವಷ್ಟು ಓರೆಯೂ ಇಲ್ಲ.

"ಏನಾಯ್ತು ಇದಕ್ಕೆ?" ದನಿ ರಾಯರದ್ದೇ, ಆದರೆ ಅವರಿಗೇ ಗುರುತು ಸಿಗಲಿಲ್ಲ.

"ತಪ್ಪಾಯ್ತು ರಾಯರೇ," ನರ್ಸಮ್ಮ ಕಣ್ಣೊರೆಸಿಕೊಂಡರು. "ನಿಂತು ನಿಂತು ಕಾಲು ನೋಯ್ತು, ಒಂದೇ ಒಂದು ನಿಮಿಷ ಅಂತ ಕೂತೆ. ಅಯ್ಯೋ, ಏನು ಹಿತವಾಗಿತ್ತು ಅಂತೀರಿ, ಅಲ್ಲೇ ಕಣ್ಣು ಹತ್ತಿಬಿಟ್ಟಿತು. ಎದ್ದು ನೋಡ್ತೀನಿ, ಬೆನ್ನು ಹಿಂದಕ್ಕೆ ವಾಲ್ಕೊಂಡಿದೆ! ನನ್ನ ಭಾರಕ್ಕೇ ಬಗ್ಗಿತು ಅಂತ ಜೀವವೇ ಹೋಯ್ತು. ನೀವು ಬರೋದ್ರೊಳಗೆ ಸರಿಮಾಡಿಸೋಣ ಅಂತ ಇವನ ಹತ್ರ ಹೊತ್ಕೊಂಡು ಬಂದೆ."

"ಎರಡು ಬೆರಳು ಬಗ್ಗಿಸಿಬಿಟ್ಟಿದ್ರು," ಅಂದ ವೆಲ್ಡರ್ ಹೆಮ್ಮೆಯಿಂದ. "ಉದ್ದ ಪೈಪು ಸಿಕ್ಕಿಸಿ ಹಾಗೇ ಎಳೆದೆ ನೋಡಿ. ಒಂದು ಗೀರು ಬಿದ್ದಿದ್ರೆ ಹೇಳಿ."

"ಅದು ಇದ್ದದ್ದೇ ಹಾಗೆ!"

"ಯಾವ ಕುರ್ಚಿ ಸಾರ್ ಇರೋದೇ ಸೊಟ್ಟಗೆ?"

"ಕ್ಷೌರದಂಗಡಿ ಮುಂದೆ ಐದಿವೆಯಲ್ಲೋ, ಒಂದು ಸಲ ಕಣ್ಣುಬಿಟ್ಟು ನೋಡಬಾರದಾ?"

ವೆಲ್ಡರ್ ತಲೆ ಕೆರೆದುಕೊಂಡ. "ಅವೂ ಜನ ಕೂತೂ ಕೂತೂ ಬಗ್ಗಿದ್ವು ಅಂದ್ಕೊಂಡಿದ್ದೆ."

"ವಾಪಸ್ ಬಗ್ಗಿಸು. ಈಗಲೇ ಬಗ್ಗಿಸು."

"ಹಳೇ ಕೊಳವೆ ಸಾರ್. ಒಂದು ಸಲ ಎಳೆದದ್ದನ್ನ ಮತ್ತೆ ಎಳೆದ್ರೆ ಲಟಕ್ ಅಂತ ಮುರಿಯುತ್ತೆ. ಆಮೇಲೆ ನನ್ನ ಕೇಳಬೇಡಿ."

ರಾಯರು ಶೆಡ್ಡಿನ ನೆಲದ ಮೇಲೇ ಕೂತುಬಿಟ್ಟರು. ಆಗಲೇ ವ್ಯಾನಿನ ಹಾರ್ನ್ ಕೇಳಿಸಿತು. ಪ್ರದರ್ಶನದ ಕಡೆಯ, ಕನ್ನಡಕ ಹಾಕಿದ ಹುಡುಗಿಯೊಬ್ಬಳು ಮನೆ ಹುಡುಕಿ, ಬೀದಿಯವರನ್ನೆಲ್ಲ ಕೇಳಿ ಇಲ್ಲಿಗೇ ಬಂದಿದ್ದಳು. ಅಡಿಯ ಅಂಕಿ ನೋಡಿ, "ಇದೇ, ಇದೇ!" ಅಂತ ಕುಣಿದಾಡಿದಳು. ರಾಯರು ಏನೋ ಹೇಳಲು ಬಾಯಿ ತೆರೆದರು. ಏನಂತ ಹೇಳುವುದು? ಕುರ್ಚಿಯ ಬೆನ್ನು ನೆಟ್ಟಗಾಗಿದೆ ಅಂದರೆ ಯಾರಾದರೂ ಅದನ್ನು ದೂರು ಅಂತ ತಿಳಿಯುತ್ತಾರೆಯೇ? ಕುರ್ಚಿ ವ್ಯಾನು ಹತ್ತಿತು. ಪಾಪಪ್ರಜ್ಞೆಯಿಂದ ನರ್ಸಮ್ಮ ಹತ್ತಿದರು. ದಾರಿಯಲ್ಲಿ ಏನಾದರೂ ಸಡಿಲವಾದರೆ ಬೇಕಾಗುತ್ತೆ ಅಂತ ಸ್ಪ್ಯಾನರ್ ಹಿಡಿದು ವೆಲ್ಡರ್ ಹತ್ತಿದ. ಕೊನೆಗೆ, ಕೈಯಲ್ಲಿದ್ದ ಬುಷ್ಷನ್ನು ಕುರ್ಚಿಯ ಕಾಲಿಗೆ ಸಿಕ್ಕಿಸಿ, ಗೆರೆ ರಾಯರು ಹತ್ತಿದರು.

ದಾರಿಯುದ್ದಕ್ಕೂ ಅವರಿಗೆ ಒಂದೇ ಸಂಕಟ. ಮೇಡಂ ಬಂದು ಬೆರಳಾಡಿಸಿ ನೋಡುತ್ತಾರೆ, ಆ ಬಳುಕು ಇರುವುದಿಲ್ಲ. ಇನ್ನು ಯಾವ ಬಾಯಲ್ಲಿ ಕೇಳುವುದು? ತೋರಿಸಲು ಗೆರೆಯೇ ಇಲ್ಲದಮೇಲೆ, ಅದನ್ನು ನಾನು ಎಳೆದೆ ಅನ್ನುವುದು ಹೇಗೆ? ಇಷ್ಟು ವರ್ಷ ಧೂಳು ಕೂರದ ಹಾಗೆ ಕಾಯ್ದದ್ದು ಒಂದು ಬೆಳಗಿನ ಎರಡು ಗಂಟೆಯೊಳಗೆ ಹೋಯಿತಲ್ಲ.

ಸಭಾಭವನದ ತುಂಬ ಕುರ್ಚಿಗಳು. ತಂತಿಯವು, ಸರಳಿನವು, ತಗಡಿನವು, ಕೊಳವೆಯವು. ಪ್ರತಿಯೊಂದರ ಮೇಲೂ "ಕುಳಿತುಕೊಳ್ಳಬಾರದು" ಅನ್ನುವ ಚೀಟಿ. ಬಂದವರೆಲ್ಲ ಕಾಲು ಬದಲಿಸುತ್ತಾ ನಿಂತೇ ಇದ್ದರು. ಏಳನೇ ನಂಬರನ್ನು ನಡುಮಧ್ಯದ ಕಟ್ಟೆಯ ಮೇಲೆ ಇಟ್ಟರು.

ಮೇಡಂ ಬಂದರು. ಕೂದಲು ಪೂರ್ತಿ ಬೆಳ್ಳಗೆ, ಕೈಯಲ್ಲಿ ಕೋಲು, ನಡಿಗೆ ಅದೇ. ರಾಯರು ಕಂಬದ ಮರೆಗೆ ಸರಿದರು. ಮೇಡಂ ಕಟ್ಟೆಯ ಹತ್ತಿರ ಹೋಗಿ, ಕೋಲನ್ನು ಎಡಗೈಗೆ ಬದಲಿಸಿ, ಕುರ್ಚಿಯ ಬೆನ್ನಿನ ಮೇಲೆ ತೋರುಬೆರಳನ್ನು ಮೇಲಿನಿಂದ ಕೆಳಗೆ ಆಡಿಸಿದರು. ಬೆರಳು ಎಲ್ಲೂ ನಿಲ್ಲಲಿಲ್ಲ. ಮೇಡಂ ಮುಖ ಅರಳಿತು.

"ನೋಡಿ!" ಅಂದರು ಎಲ್ಲರಿಗೂ ಕೇಳುವ ಹಾಗೆ. "ಇದು ನನ್ನ ಕುರ್ಚಿ. ಇದೊಂದೇ ನನ್ನ ಕುರ್ಚಿ! ನಾನು ಬರೆದದ್ದು ಹೀಗೆ, ನೆಟ್ಟಗೆ. ಹೊರಗೆ ಅಂಗಡಿ ಅಂಗಡಿಯಲ್ಲಿ ಕೂತಿದಾವಲ್ಲ ಸೊಂಟ ಬಳುಕಿಸಿಕೊಂಡು, ಅವನ್ನ ನಾನು ಬರೆದವಳೇ ಅಲ್ಲ. ಯಾರೋ ನನ್ನ ಗೆರೆ ಕೆಡಿಸಿದ್ರು. ತಮಾಷೆ ಕೇಳಿ, ಆ ಬಳುಕಿಗೆ ಅಂತಲೇ ನನ್ನನ್ನ ದೇಶದೇಶಕ್ಕೆ ಕರೆದು ಸನ್ಮಾನ ಮಾಡಿದ್ರು. ನಾಚಿಕೆಯಿಂದ ತಲೆ ತಗ್ಗಿಸಿ ನಿಲ್ತಿದ್ದೆ. ಎಷ್ಟು ವಿನಯ ಅಂತ ಇನ್ನಷ್ಟು ಚಪ್ಪಾಳೆ ಹೊಡೀತಿದ್ರು."

ಸಭೆ ನಕ್ಕಿತು. ಕಂಬದ ಮರೆಯಲ್ಲಿ ರಾಯರು ಕಂಬವನ್ನು ಹಿಡಿದುಕೊಂಡರು.

"ಹಾಗಾದ್ರೆ ಅದಕ್ಕೇ ನೀವು ಕಾರ್ಖಾನೆ ಬಿಟ್ರಾ ಮೇಡಂ?" ಕನ್ನಡಕದ ಹುಡುಗಿ ಕೇಳಿದಳು.

"ಮತ್ತೆ? ಆವತ್ತು ನಾನು ಟಿಕೆಟ್ ವಾಪಸ್ ಮಾಡ್ತೀನಿ, ಇಲ್ಲೇ ಇರ್ತೀನಿ ಅಂತ ಹೇಳೋಕೆ ಬಂದಿದ್ದೆ. ನನಗೆ ಈ ಊರು, ಆ ಕಿಟಕಿ ಪಕ್ಕದ ಮೇಜು, ಅಲ್ಲಿ ಸದ್ದಿಲ್ಲದೆ ಕೆಲಸ ಮಾಡ್ತಿದ್ದ ಜನ, ಎಲ್ಲಾ ಹಿಡಿಸಿತ್ತು. ಬಂದು ನೋಡ್ತೀನಿ, ಇದೇ ಕುರ್ಚಿ ಸೊಂಟ ಬಳುಕಿಸಿಕೊಂಡು ನಿಂತಿದೆ. ನನ್ನನ್ನ ಆಡಿಕೊಳ್ಳೋಕೇ ಯಾರೋ ಮಾಡಿದಾರೆ ಅನ್ನಿಸ್ತು. ಇಂಥವರ ಮಧ್ಯೆ ಯಾಕಿರಲಿ ಅಂತ ಹೊರಟೇಹೋದೆ."

ರಾಯರು ಇಷ್ಟು ವರ್ಷ ತಾವು ಬರೆದದ್ದು ಹತ್ತಿರ ಕರೆಯುವ ಕಾಗದ ಅಂದುಕೊಂಡಿದ್ದರು. ಮೇಡಂ ಅವರನ್ನು ಊರು ಬಿಡಿಸಿದ್ದು ಅದೇ.

"ಈ ಕುರ್ಚಿಯನ್ನ ಮತ್ತೆ ಸರಿಮಾಡಿದ ಪುಣ್ಯಾತ್ಮ ಯಾರು?" ಮೇಡಂ ಸುತ್ತ ನೋಡಿದರು.

ವೆಲ್ಡರ್ ಸ್ಪ್ಯಾನರ್ ಹಿಡಿದ ಕೈಯನ್ನೇ ಮೇಲೆತ್ತಿದ. "ನಾನೇ ಮೇಡಂ. ಇವತ್ತು ಬೆಳಿಗ್ಗೆ."

ಮೇಡಂ ಅವನ ಎರಡೂ ಕೈ ಹಿಡಿದುಕೊಂಡರು. "ನಲವತ್ತೈದು ವರ್ಷದಿಂದ ನನ್ನ ಮನಸ್ಸಿನಲ್ಲಿದ್ದ ಗೆರೆ ನಿಮಗೆ ಹೇಗಪ್ಪಾ ಗೊತ್ತಾಯ್ತು?" ಅಂದರು, ಕಣ್ಣಲ್ಲಿ ನೀರು. ವೆಲ್ಡರ್, "ಅದೇನೋ ಮೇಡಂ, ಸೊಟ್ಟಗಿರೋದು ಕಂಡ್ರೆ ನನಗಾಗಲ್ಲ" ಅಂದ. ಕ್ಯಾಮೆರಾಗಳು ಮಿಂಚಿದವು. ಅವನ ಹೆಸರನ್ನು ಕೇಳಿ ಬರೆದುಕೊಂಡರು. ನರ್ಸಮ್ಮ ಕೂಡ, ಕುರ್ಚಿ ಹೊತ್ತು ತಂದದ್ದು ನಾನೇ ಅಂತ, ಫೋಟೋದ ಅಂಚಿನಲ್ಲಿ ಜಾಗ ಮಾಡಿಕೊಂಡರು.

ಮೇಡಂ ತಮ್ಮ ಕುರ್ಚಿಯಲ್ಲಿ ಕೂತರು. ಚಪ್ಪಾಳೆಯಾಯಿತು. ಒಂದು ನಿಮಿಷ ನೆಟ್ಟಗೆ ಕೂತರು. ಎರಡನೆಯ ನಿಮಿಷ ಸ್ವಲ್ಪ ಅತ್ತಿತ್ತ ಸರಿದರು. ಮೂರನೆಯ ನಿಮಿಷ ಎದ್ದು, "ನನ್ನ ವಯಸ್ಸಿನ ತಪ್ಪು, ಕುರ್ಚಿಯದಲ್ಲ" ಅಂತ ನಗುತ್ತಾ, ಎರಡೂ ಮುಷ್ಟಿಗಳನ್ನು ಸೊಂಟಕ್ಕೆ ಒತ್ತಿಕೊಂಡರು. ಕಂಬದ ಮರೆಯಿಂದ ರಾಯರು ಅದನ್ನು ಕಂಡರು.

ಜನ ವೆಲ್ಡರನನ್ನು ಸುತ್ತಿಕೊಂಡು ಪಕ್ಕದ ಕೋಣೆಗೆ ಚಹಾ ಕುಡಿಯಲು ನಡೆದರು. ಮೇಡಂ ಹಿಂದೆ ಉಳಿದರು. ಕೂರಲು ಎಲ್ಲಾದರೂ ಜಾಗವಿದೆಯೇ ಅಂತ ಚೀಟಿಗಳನ್ನು ಓದುತ್ತಾ ಓದುತ್ತಾ ಬಾಗಿಲಿನವರೆಗೆ ಬಂದರು. ಅಲ್ಲಿ ಕಾವಲಿನವನ ಕುರ್ಚಿಯೊಂದಿತ್ತು. ಬಣ್ಣ ಹೋದ, ತುಕ್ಕು ಹಿಡಿದ, ಲಕ್ಷದಲ್ಲೊಂದು ಏಳನೇ ನಂಬರು. ಮೇಡಂ ನೋಡಲೂ ಇಲ್ಲ, ಕೂತರು. ಬೆನ್ನು ಹಿಂದಕ್ಕೆ ವಾಲಿತು, ಸೊಂಟ ಬಳುಕಿಗೆ ಹೊಂದಿಕೊಂಡಿತು, ಅವರಿಂದ ಉದ್ದನೆಯ ಒಂದು ಉಸಿರು ಹೊರಟಿತು.

ರಾಯರು ಕಂಬ ಬಿಟ್ಟು ಹತ್ತಿರ ಬಂದರು. ಇಷ್ಟು ವರ್ಷ ಜೋಡಿಸಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಮೇಡಂ ಅರೆಗಣ್ಣು ತೆರೆದರು.

"ನೀವು?"

ಆ ಮುಖದಲ್ಲಿ ಗುರುತಿನ ಸುಳಿವೇ ಇರಲಿಲ್ಲ. ರಾಯರು ಅವರ ತಲೆ ಒರಗಿದ ರೀತಿಯನ್ನು ನೋಡಿದರು. ಹೇಳಿದರೆ ಇವರು ಎದ್ದುಬಿಡುತ್ತಾರೆ ಅನ್ನಿಸಿತು.

"ಕುರ್ಚಿ ತಂದವನು ಮೇಡಂ."

"ಹಾಗಾದ್ರೆ ಒಂದು ಉಪಕಾರ ಮಾಡಿ. ಆ ನನ್ನ ಕುರ್ಚಿನ ಸ್ವಲ್ಪ ಬೆಳಕಿನ ಕಡೆ ತಿರುಗಿಸಿ. ಇಲ್ಲಿಂದಲೇ ನೋಡ್ತಾ ಇರ್ತೀನಿ."

"ಆಯ್ತು ಮೇಡಂ."

ರಾಯರು ಹೋಗಿ ತಿರುಗಿಸಿದರು. ಮರಳಿ ಬಂದಾಗ ಮೇಡಂ ನಿದ್ದೆಹೋಗಿದ್ದರು, ಬಾಯಿ ಸ್ವಲ್ಪ ತೆರೆದು, ಕೋಲು ಮಡಿಲಲ್ಲಿ. ಪಕ್ಕದಲ್ಲಿ ಕಾವಲಿನವನು ಕಾಲು ನೋವಿಗೆ ಒಂಟಿಗಾಲಲ್ಲಿ ನಿಂತಿದ್ದ.

"ಸಾರ್, ಅಮ್ಮಾವ್ರನ್ನ ಸ್ವಲ್ಪ ಎಬ್ಬಿಸ್ತೀರಾ? ಅದು ನನ್ನ ಕುರ್ಚಿ."

"ಶ್," ಅಂದರು ರಾಯರು, ಅವನ ಪಕ್ಕದಲ್ಲಿ ತಾವೂ ಗೋಡೆಗೆ ಒರಗಿ ನಿಲ್ಲುತ್ತಾ. "ಇನ್ನೊಂದು ಸ್ವಲ್ಪ ಹೊತ್ತು."